ಹಚ್ಚುವುದು, ಹೆಚ್ಚುವುದು

ನಮ್ಮ ಶಿಶುಶಾಲೆಯ ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇದೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ತರಕಾರಿಯೆಲ್ಲ ಬೀಳುವುದು ಅದರಲ್ಲಿ. ಆ ತಿಂಗಳ ಮೊದಲ ಸೋಮವಾರ ದೊಡ್ಡ ಮೇಡಂ, ಅಂದರೆ ಶಾಲೆಯ ಒಡತಿ, ಅಡುಗೆಮನೆಗೆ ಬಂದರು. ಕೈಚೀಲದಿಂದ ಉಗುರುಬಣ್ಣದ ಸೀಸೆ ತೆಗೆದು, ಬಕೆಟ್ಟಿನೊಳಗೆ ಬಗ್ಗಿ, ಅರ್ಧಕ್ಕಿಂತ ತುಸು ಕೆಳಗೆ ಸುತ್ತಲೂ ಒಂದು ಕೆಂಪು ಗೆರೆ ಎಳೆದರು. ಗೆರೆ ಸ್ವಲ್ಪ ಸೊಟ್ಟಗಿತ್ತು. ನಾನು ಅಲ್ಲೇ ನಿಂತಿದ್ದೆ. ಹೇಳೋಣವೆನ್ನಿಸಿತು, ಹೇಳಲಿಲ್ಲ.

"ತಿಂಗಳ ಕೊನೇ ವಾರ, ಐದಕ್ಕೆ ಐದು ದಿನವೂ, ಊಟ ಮುಗಿದ ಮೇಲೆ ಬಕೆಟ್ ಈ ಗೆರೆಗಿಂತ ಕೆಳಗಿರಬೇಕು" ಎಂದರು ಮೇಡಂ. "ಇಲ್ಲದಿದ್ರೆ ಅಡುಗೆಮನೆ ಮುಚ್ತೀನಿ. ಹೊರಗಿಂದ ಡಬ್ಬಿ ಊಟ ತರಿಸ್ತೀನಿ. ತಂದೆತಾಯಿಯರಿಗೆ ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ. ಮಕ್ಕಳು ಮನೆಗೆ ಹೋಗಿ ಹಸಿವು ಹಸಿವು ಅಂತಾವಂತೆ."

ಅಡುಗೆಯವಳು ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ. "ಆಯ್ತಮ್ಮ" ಎಂದಳು, ಅಷ್ಟೇ.

ಅವಳು ನನ್ನ ಒಡಹುಟ್ಟಿದ ಅಕ್ಕ. ಶಾಲೆಯವರಿಗೆಲ್ಲ ಅವಳು 'ಅಡುಗೆ ಅಕ್ಕ', ನನಗೆ ಬರೀ ಅಕ್ಕ. ಇಪ್ಪತ್ತೆರಡು ವರ್ಷದಿಂದ ಆ ಒಲೆ ಅವಳದು. ಗಂಡ ತೀರಿಕೊಂಡ ವರ್ಷವೇ ಬಂದು ಸೇರಿದವಳು. ಸೇರಿದ ದಿನ ಪಾತ್ರೆಗಳ ಕರಿ ತಿಕ್ಕಿ ತೆಗೆಯಲು ಶುರುಮಾಡಿದಳು, ಇವತ್ತಿನವರೆಗೂ ನಿಲ್ಲಿಸಿಲ್ಲ. ನಾನು ಈಚೆಗೆ ಬಂದವನು. ಅದಕ್ಕೆ ಮೊದಲು ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚುಕೂಟ ಮುಚ್ಚಿತು. 'ನನ್ನ ತಮ್ಮನ ಅಕ್ಷರ ಮುತ್ತಿನ ಹಾಗಿದೆ' ಎಂದು ಅಕ್ಕ ಮೇಡಂ ಕಿವಿಯಲ್ಲಿ ಊದಿ ಊದಿ ನನ್ನನ್ನು ಇಲ್ಲಿ ಗುಮಾಸ್ತನನ್ನಾಗಿ ಕೂರಿಸಿದಳು. ಅಚ್ಚುಕೂಟದಿಂದ ನಾನು ತಂದದ್ದು ಒಂದು ಕೆಂಪು ಪೆನ್ನು, ಒಂದು ಕೆಟ್ಟ ಚಟ. ಎಲ್ಲಿ ಏನು ಬರೆದಿದ್ದರೂ ನನ್ನ ಕಣ್ಣು ಮೊದಲು ತಪ್ಪನ್ನು ಹುಡುಕುತ್ತದೆ. ಔಷಧಿ ಅಂಗಡಿಯ ಹಲಗೆಯಿರಲಿ, ಸತ್ತವರ ಸುದ್ದಿಯ ಕಾಗದವಿರಲಿ, ಮೊದಲು ಒತ್ತಕ್ಷರ, ಆಮೇಲೆ ದುಃಖ. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಅವಳು 'ರೋಘ' ಅಂತ ಬರೆದರೂ ಬರೆದಾಳು, ಆ ಮಾತು ಬೇರೆ.

ದಿನಾ ಒಂದೂವರೆಗೆ ಬಕೆಟ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ 'ಮೇಲೆ' ಅಥವಾ 'ಕೆಳಗೆ' ಎಂದು ಬರೆಯುವ ಕೆಲಸವನ್ನು ಮೇಡಂ ನನಗೇ ಹಚ್ಚಿದರು. "ಅಕ್ಕ ಅಂತ ಮುಲಾಜು ನೋಡೋ ಜನ ಅಲ್ಲ ನೀವು, ನನಗೆ ಗೊತ್ತು" ಎಂದರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ.

ಇನ್ನು ಮಕ್ಕಳ ವಿಷಯ. ಮೂರರಿಂದ ಐದು ವರ್ಷದ ಹದಿನೆಂಟು ಮಕ್ಕಳು. ಅಕ್ಕನ ಅಡುಗೆಯಲ್ಲಿ ತಪ್ಪಿರಲಿಲ್ಲ, ಇದನ್ನು ತಪ್ಪು ಹುಡುಕುವವನೇ ಹೇಳುತ್ತಿದ್ದೇನೆ. ಕ್ಯಾರೆಟ್ ಹದವಾಗಿ ಬೆಂದಿರುತ್ತಿತ್ತು, ಬಟಾಣಿ ಹಸಿರಾಗೇ ಇರುತ್ತಿತ್ತು. ಆದರೆ ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಆ ಹದಿನೆಂಟರಲ್ಲಿ ಒಬ್ಬಳು ನಾಲ್ಕು ವರ್ಷದ ಹುಡುಗಿ. ಅಕ್ಕ ಅವಳಿಗಿಟ್ಟ ಹೆಸರು ಬೆಣ್ಣೆ. ಬಿಳಿಯದು ಬಿಟ್ಟು ಬೇರೆ ಬಣ್ಣದ್ದೇನೂ ಆ ಹುಡುಗಿಯ ಬಾಯಿಗೆ ಹೋಗುತ್ತಿರಲಿಲ್ಲ. ಅನ್ನ, ಹಾಲು, ಅಂಚು ಕತ್ತರಿಸಿದ ಬ್ರೆಡ್ಡು, ಮುಗಿಯಿತು. ಅನ್ನದ ಮೇಲೆ ಒಂದು ಬಟಾಣಿ ಉರುಳಿದರೆ ಆ ಜಾಗದ ಅನ್ನವನ್ನೂ ಬಿಡುತ್ತಿದ್ದಳು. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಒಂದು ಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದಳು. ಅವಳು ತಳ್ಳಿದ್ದೇ ತಡ, ಮಿಕ್ಕ ಹದಿನೇಳು ತಟ್ಟೆಗಳೂ ಮುಂದಕ್ಕೆ ಹೋಗುತ್ತಿದ್ದವು. ಹೀಗೆ ಬಕೆಟ್ ತುಂಬುತ್ತಿತ್ತು.

ಅದೇ ತಿಂಗಳು ಹೊಸ ಟೀಚರ್ ಬಂದಿದ್ದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಮಾತಾಡುವಾಗ ಕೈಯಲ್ಲಿರುವ ಕಾಗದ ಮಡಿಸಿ ಮಡಿಸಿ ಅಂಗುಲದಷ್ಟು ಮಾಡುವ ಅಭ್ಯಾಸ. ಅವಳು ಎಲ್ಲೋ ಓದಿದ್ದಳಂತೆ, ಮಕ್ಕಳು ಬೆಳಿಗ್ಗೆ ಯಾವ ತರಕಾರಿಗೆ ಬಣ್ಣ ಹಚ್ಚುತ್ತಾರೋ ಮಧ್ಯಾಹ್ನ ಅದನ್ನು ಇಷ್ಟಪಟ್ಟು ತಿನ್ನುತ್ತಾರೆ ಎಂದು. ಪ್ರತಿ ಸಂಜೆ ಅಡುಗೆಮನೆಗೆ ಹೋಗಿ ನಾಳೆ ಏನು ಎಂದು ಕೇಳುವಳು. ರಾತ್ರಿ ಅದರ ಚಿತ್ರ ಬರೆದು ಬೆಳಿಗ್ಗೆ ಹದಿನೆಂಟು ಹಾಳೆ ತರುವಳು. ಬರೀ ಗೆರೆ, ಒಳಗೆ ಖಾಲಿ. ಅಕ್ಕನಿಗೂ ಒಂದು ಹಾಳೆ ತೋರಿಸಿದಳು.

ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ದೂರ ಹಿಡಿದು ನೋಡಿದಳು. "ಬದನೆಕಾಯಿ ಚೆನ್ನಾಗಿದೆಯಮ್ಮ. ಆದ್ರೆ ಪುಸ್ತಕದ ಬದನೆಕಾಯಿ ಒಲೆ ಮೇಲೆ ಬೇಯಲ್ಲ."

"ಪ್ರಯತ್ನ ಮಾಡೋಣ ಅಡುಗೆ ಅಕ್ಕ" ಎಂದಳು ಟೀಚರ್, ಹಾಳೆಯನ್ನು ಮಡಿಸುತ್ತ.

ಪ್ರಯತ್ನ ನಡೆಯಿತು. ಮಕ್ಕಳು ಬಣ್ಣ ಹಚ್ಚಿದರು, ಅದರಲ್ಲಿ ಕುಂದಿಲ್ಲ. ನಾಲಿಗೆ ಹೊರಗೆ ಹಾಕಿಕೊಂಡು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಹಚ್ಚಿದರು. ಟೀಚರ್ ಸಾಲುಸಾಲಾಗಿ ಓಡಾಡುತ್ತ "ಗೆರೆ ದಾಟಬಾರದು ಪುಟ್ಟಾ, ಗೆರೆಯೊಳಗೇ, ಗೆರೆಯೊಳಗೇ" ಎನ್ನುತ್ತಿದ್ದಳು. ಗೋಡೆಯ ತುಂಬ ಕ್ಯಾರೆಟ್, ಬದನೆ, ಹೂಕೋಸು. ಮಧ್ಯಾಹ್ನ ಅದೇ ಕ್ಯಾರೆಟ್ ತಟ್ಟೆಗೆ ಬಂದಾಗ ಬೆಣ್ಣೆ ಒಮ್ಮೆ ಗೋಡೆ ನೋಡಿದಳು, ಒಮ್ಮೆ ತಟ್ಟೆ ನೋಡಿದಳು, ಬೆರಳಿಟ್ಟು ತಳ್ಳಿದಳು. ನಾನು ಕ್ಯಾಲೆಂಡರಿನಲ್ಲಿ 'ಮೇಲೆ' ಎಂದು ಬರೆದೆ. ಆ ವಾರ ಐದು ದಿನವೂ 'ಮೇಲೆ'. ಗುರುವಾರವಂತೂ ಗೆರೆಯ ಮೇಲೆ ನಾಲ್ಕು ಬೆರಳು.

ಅಕ್ಕನ ಸಿಟ್ಟೆಲ್ಲ ಟೀಚರ್ ಮೇಲೆ ತಿರುಗಿತು. ಶುಕ್ರವಾರ ಸಂಜೆ ಆ ಹುಡುಗಿ ಸೋಮವಾರದ್ದನ್ನು ಕೇಳಲು ಬಂದಾಗ, "ನೀವು ಬಣ್ಣ ಬಳೀತಾ ಇರಿ, ನನ್ನ ಮುಖಕ್ಕೆ ಮಸಿ ಬಳಿಯೋದೊಂದು ಬಾಕಿ" ಎಂದು ಕೂಗಿದಳು. ಹುಡುಗಿ ಕಣ್ಣೊರೆಸಿಕೊಂಡು ಆಫೀಸಿಗೆ ಬಂದಳು. ಮೇಡಂ ಹೊಸ ನಿಯಮ ಮಾಡಿದರು. ಇನ್ನು ಬಾಯಿಮಾತು ಬೇಡ. ಟೀಚರಿಗೆ ಅಡುಗೆಮನೆಯಿಂದ ಏನಾಗಬೇಕಿದ್ದರೂ ಚೀಟಿಯಲ್ಲಿ ಬರೆದು ಗುಮಾಸ್ತರ ಮೇಜಿನ ಮೇಲೆ ಇಡಬೇಕು. ಗುಮಾಸ್ತರು ಅಡುಗೆಮನೆಗೆ ಮುಟ್ಟಿಸಬೇಕು. ಚೀಟಿಯಲ್ಲಿದ್ದ ಹಾಗೆ ಅಡುಗೆ ಅಕ್ಕ ನಡೆಯಬೇಕು, ಎದುರು ಮಾತಿಲ್ಲ.

ಹೀಗೆ ಟೀಚರ್ ಕನ್ನಡ ನನ್ನ ಕೈಗೆ ಸಿಕ್ಕಿತು. ದೇವರೇ! ಎರಡನೇ ಚೀಟಿಯಲ್ಲೇ 'ಸೊಪ್ಪು ಸಣ್ಣಗೆ ಹಚ್ಚಿ ಹಾಕಿ' ಎಂದಿತ್ತು. ಬಣ್ಣ ಹಚ್ಚುತ್ತಾರೆ, ದೀಪ ಹಚ್ಚುತ್ತಾರೆ, ಸೊಪ್ಪನ್ನು ಹೆಚ್ಚುತ್ತಾರೆ. ಒಂದು ಎತ್ವ ಬರೆಯಲು ಈಗಿನವರಿಗೆ ಕೈ ಸೇದಿ ಹೋಗಿರುತ್ತದೆಯೇ? ಬಾಯಲ್ಲಿ ಎಷ್ಟೋ ಜನ ಎರಡನ್ನೂ ಒಂದೇ ಮಾಡಿ ಆಡುತ್ತಾರೆ, ಆಡಲಿ. ಬರೆಯುವಾಗ ಬೇಡವೇ? ಕೆಂಪು ಪೆನ್ನು ತೆಗೆದು 'ಹ'ದ ತಲೆಗೆ ಎತ್ವ ಕೊಟ್ಟು ಅಡುಗೆಮನೆಗೆ ಕಳಿಸಿದೆ. ಚೀಟಿ ಸರಿಯಾಯಿತು, ಬಕೆಟ್ ಸರಿಯಾಗಲಿಲ್ಲ.

ಎರಡನೇ ವಾರದ ಗುರುವಾರ ನಾನು ಬಕೆಟ್ ನೋಡಲು ಹೋದಾಗ ಅಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಹಗಲು ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಕಡಿಮೆ.

"ಲೋ, ಆ ಗೆರೆನ ಎರಡು ಬೆರಳು ಮೇಲಕ್ಕೆ ಎಳೆಯೋಕಾಗಲ್ವಾ? ಉಗುರುಬಣ್ಣ ತಾನೆ, ಒರೆಸಿದ್ರೆ ಹೋಗುತ್ತೆ. ನಿನ್ನ ಬಿಟ್ರೆ ಯಾರು ನೋಡ್ತಾರೆ?"

"ಅಕ್ಕ, ಇಲ್ಲದ್ದನ್ನ ಇದೆ ಅಂತ ಬರೆಯೋ ಕೈ ಅಲ್ಲ ನಂದು."

"ಬರೀಬೇಡ. ಎಳಿ ಅಂದೆ."

"ಎರಡೂ ಒಂದೇ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಈ ಒಲೆ ಹೋದ್ರೆ ನಾನು ಯಾರೋ? ನಿನ್ನ ಮನೆ ಮೂಲೇಲಿ ಕೂತು ನಿನ್ನ ಹೆಂಡತಿ ಮಾಡಿದ್ದನ್ನ ಚೆನ್ನಾಗಿದೆ ಚೆನ್ನಾಗಿದೆ ಅಂತ ತಿನ್ನೋ ಮುದುಕಿ. ಅದಕ್ಕಿಂತ ಸಾಯೋದು ಮೇಲು."

ಅಮ್ಮ ಹಾಸಿಗೆ ಹಿಡಿದಾಗ ಅಕ್ಕನಿಗೆ ಹತ್ತು ವರ್ಷ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವಳು. ನಾನು ಅದೇ ಒಲೆಯ ಪಕ್ಕ ಕೂತು ಕಾಗುಣಿತ ಗಟ್ಟಿಯಾಗಿ ಓದುತ್ತಿದ್ದೆ. ಅವಳು ಈರುಳ್ಳಿ ಹೆಚ್ಚುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಇಷ್ಟೆಲ್ಲ ನೆನಪಾಯಿತು. ಆದರೂ ಬಕೆಟ್ಟಿನೊಳಗೆ ಇಣುಕಿ ನೋಡಿ, ಒಳಗೆ ಹೋಗಿ, 'ಮೇಲೆ' ಎಂದು ಬರೆದೆ. ಅಕ್ಕ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಮಧ್ಯಾಹ್ನದ ಚಹಾ ಬರುತ್ತಿತ್ತು, ಸಕ್ಕರೆ ಇರುತ್ತಿರಲಿಲ್ಲ.

ಮೂರನೇ ವಾರ ಸೋಮವಾರ ಸಂಜೆ ಟೀಚರ್ ಅವಸರದಲ್ಲಿದ್ದಳು. ಬಸ್ಸು ತಪ್ಪುತ್ತದೆಂದು ನಿಂತ ಹಾಗೇ ಚೀಟಿ ಗೀಚಿ ನನ್ನ ಮೇಜಿನ ಮೇಲಿಟ್ಟು ಓಡಿದಳು. ಚೀಟಿಯಲ್ಲಿ ಹೀಗಿತ್ತು: 'ನಾಳೆ ಹತ್ತು ಗಂಟೆಗೆ ಮಕ್ಕಳು ಬೀಟ್‌ರೂಟ್, ಹೂಕೋಸು ಹಚ್ಚುತ್ತಾರೆ. ಊಟಕ್ಕೂ ಅವೇ ಇರಲಿ.'

ನಾನು ಓದಿದೆ. ಹಚ್ಚುತ್ತಾರೆ! ಮತ್ತೆ ಅದೇ! ಹಿಂದಿನ ಚೀಟಿಗಳಲ್ಲೆಲ್ಲ 'ಬಣ್ಣ ಹಚ್ಚುತ್ತಾರೆ' ಎಂದು ಇರುತ್ತಿತ್ತು. ಇದರಲ್ಲಿ ಬಣ್ಣದ ಮಾತೇ ಇಲ್ಲ, ಇರುವುದು ತರಕಾರಿ. ತರಕಾರಿಯನ್ನು ಏನು ಮಾಡುತ್ತಾರೆ? ಹೆಚ್ಚುತ್ತಾರೆ. 'ಅರ್ಥ ನೋಡಬೇಡ, ಅಕ್ಷರ ನೋಡು' ಎಂದು ಅಚ್ಚುಕೂಟದ ಹಿರಿಯರು ಕಲಿಸಿದ್ದರು. ಅರ್ಥ ನೋಡುತ್ತ ಕೂತರೆ ಕಣ್ಣು ತಪ್ಪನ್ನು ಹಾರಿಸಿಬಿಡುತ್ತದಂತೆ. ನಾಲ್ಕು ವರ್ಷದ ಮಕ್ಕಳು ಹೆಚ್ಚುವುದು ಹೇಗೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕೆಂಪು ಪೆನ್ನಿನಿಂದ ದಪ್ಪಗೆ ಒಂದು ಎತ್ವ ಎಳೆದೆ. ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಅಕ್ಕ ಮುಖ ತಿರುಗಿಸಿಕೊಂಡೇ ಇದ್ದಳು. ನಾನು ಮನೆಗೆ ಹೋದೆ.

ಮರುದಿನ ಹತ್ತು ಗಂಟೆಗೆ ನಾನು ಹಾಜರಿ ಬರೆದುಕೊಳ್ಳಲು ತರಗತಿಗೆ ಹೋಗಿದ್ದೆ. ಟೀಚರ್ ಆಗಷ್ಟೇ ಬೀಟ್‌ರೂಟಿನ ಹಾಳೆಗಳನ್ನು ಹಂಚಿದ್ದಳು. ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ತಳ್ಳುಗಾಡಿಯ ಮೇಲೆ ಎರಡು ದೊಡ್ಡ ತಟ್ಟೆ. ಒಂದರಲ್ಲಿ ಸಿಪ್ಪೆ ಸಮೇತ ಬೇಯಿಸಿದ ಬೀಟ್‌ರೂಟ್, ಇನ್ನೊಂದರಲ್ಲಿ ಹೂಕೋಸಿನ ದೊಡ್ಡ ದೊಡ್ಡ ಹೂಗಳು. ಪಕ್ಕದಲ್ಲಿ ಹದಿನೆಂಟು ಸ್ಟೀಲ್ ಚಮಚ, ಹದಿನೆಂಟು ಸಣ್ಣ ಹಲಗೆ, ಒಂದು ರಾಶಿ ಹಳೆ ಬಟ್ಟೆ. ಚಾಕು ಒಂದೂ ಇರಲಿಲ್ಲ.

"ಇದೇನು ಅಡುಗೆ ಅಕ್ಕ?" ಟೀಚರ್ ತಬ್ಬಿಬ್ಬಾದಳು.

"ಮಕ್ಕಳು ಹೆಚ್ಚೋದಕ್ಕೆ. ಚಮಚದ ಅಂಚಲ್ಲೇ ಕತ್ತರಿಸೋ ಹಾಗೆ ಬೇಯಿಸಿದ್ದೀನಿ. ಚೀಟಿ ಬಂತಲ್ಲಮ್ಮ."

"ನಾನು..." ಎಂದು ಟೀಚರ್ ಶುರುಮಾಡಿದಳು. ನನ್ನ ಕಡೆ ನೋಡಿದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆಫೀಸಿನಿಂದಲೇ ಏನೋ ಬದಲಾಯಿಸಿ ಕಳಿಸಿದ್ದಾರೆಂದು ಅವಳು ಅಂದುಕೊಂಡಳಂತೆ. ಹೊಸಬಳು, ಸುಮ್ಮನಾದಳು. ಅಷ್ಟರಲ್ಲಿ ಅಕ್ಕ ಹಲಗೆಗಳನ್ನು ಹಾಳೆಗಳ ಪಕ್ಕದಲ್ಲೇ ಇಟ್ಟು ಮುಗಿಸಿದ್ದಳು.

ಬೆಂದ ಬೀಟ್‌ರೂಟಿನ ಸಿಪ್ಪೆ ಹೆಬ್ಬೆರಳಿನಿಂದ ಒತ್ತಿದರೆ ಜಾರಿಕೊಂಡು ಬರುತ್ತದೆ. ಮಕ್ಕಳಿಗೆ ಅದು ತಿಳಿಯಲು ಒಂದು ನಿಮಿಷ ಬೇಕಾಯಿತು. ಆಮೇಲೆ ಆ ಕೋಣೆಯಲ್ಲಿ ನಡೆದದ್ದನ್ನು ಪಾಠ ಅನ್ನಲಾಗದು. ಸಿಪ್ಪೆ ಹಾರಿತು, ಗಡ್ಡೆ ಉರುಳಿತು, ಮೇಜಿನ ಕೆಳಗೆ ಇಬ್ಬರು ಹುಡುಕಲು ಹೋದರು. ಚಮಚ ಒತ್ತಿದಾಗ ತುಂಡಾಗುವುದು ಅವರಿಗೆ ದೊಡ್ಡ ಸುದ್ದಿಯಾಗಿತ್ತು. "ನಾನು ಹೆಚ್ದೆ! ಟೀಚರ್, ನಾನು ಹೆಚ್ದೆ!" ಎಂದು ಒಬ್ಬ, "ನಂದು ಜಾಸ್ತಿ ಹೆಚ್ಚು!" ಎಂದು ಇನ್ನೊಬ್ಬ. ಕೈ ಮೊಣಕೈವರೆಗೆ ಕೆಂಪು. ಆ ಕೈ ಹಾಳೆಯ ಮೇಲೆ ಬಿದ್ದಾಗ ಹಾಳೆ ಕೆಂಪು. ಬಣ್ಣದ ಕಡ್ಡಿ ಯಾರಿಗೂ ಬೇಡವಾಯಿತು, ತುಂಡನ್ನೇ ಹಿಡಿದು ಉಜ್ಜಿದರು. ಟೀಚರ್ ಒಂದೆರಡು ಸಲ "ಗೆರೆಯೊಳಗೆ ಪುಟ್ಟಾ" ಎಂದಳು, ಆಮೇಲೆ ಅವಳೂ ಬಿಟ್ಟಳು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಒಬ್ಬಳನ್ನು ಮಾತ್ರ.

ಬೆಣ್ಣೆ ಬೀಟ್‌ರೂಟನ್ನು ಮುಟ್ಟಿರಲಿಲ್ಲ. ಹೂಕೋಸು ಬಿಳಿಯದು, ಅದನ್ನು ಹತ್ತಿರ ಎಳೆದುಕೊಂಡಿದ್ದಳು. ಚಮಚದಿಂದ ಅಚ್ಚುಕಟ್ಟಾಗಿ ನಾಲ್ಕು ತುಂಡು ಮಾಡಿ ಸಾಲಾಗಿ ಇಟ್ಟಿದ್ದಳು. ಪಕ್ಕದವನ ಹಲಗೆಯಿಂದ ಕೆಂಪು ರಸ ಹರಿದು ಅವಳ ಹಲಗೆಗೆ ಬಂತು. ಮೊದಲ ತುಂಡಿನ ಬುಡ ಗುಲಾಬಿಯಾಯಿತು. ಈಗ ತಳ್ಳುತ್ತಾಳೆ ಎಂದುಕೊಂಡೆ. ಅವಳು ಬೆರಳು ಮುಂದೆ ಮಾಡಿದಳು, ರಸವನ್ನು ಮುಟ್ಟಿದಳು, ಬೆರಳನ್ನು ನೋಡಿದಳು. ಆಮೇಲೆ ಆ ಬೆರಳಿನಿಂದಲೇ ಹೂಕೋಸಿಗೆ ಬಣ್ಣ ಹಚ್ಚತೊಡಗಿದಳು. ಒಂದೊಂದು ಮೊಗ್ಗಿಗೂ, ಎಲ್ಲೂ ಬಿಳಿ ಉಳಿಯದ ಹಾಗೆ. ಹತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ತುಂಡನ್ನು ಎತ್ತಿ ಎಲ್ಲ ಕಡೆಯಿಂದ ತಿರುಗಿಸಿ ನೋಡಿ, "ಇದು ನಂದು" ಎಂದು ಬಾಯಿಗೆ ಹಾಕಿಕೊಂಡಳು.

ಕೋಣೆಯಲ್ಲಿ ಗಲಾಟೆ ನಡೆದೇ ಇತ್ತು, ನೋಡಿದವರು ನಾವು ಮೂವರೇ. ಅಕ್ಕ ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. "ಮಾಡಿದ್ದುಣ್ಣೋ ಮಹರಾಯ ಅಂತ ಬೈಯೋಕೆ ಹೇಳ್ತಾರೆ. ಇವರಿಗೆ ಅದೇ ರುಚಿ ನೋಡು" ಎಂದಳು. ಐದು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಅವತ್ತೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆ ದಿನ ಊಟದಲ್ಲಿ ಬೆಣ್ಣೆ ಮತ್ತೆರಡು ತುಂಡು ತಿಂದಳು, ಬೀಟ್‌ರೂಟ್ ಮುಟ್ಟಲಿಲ್ಲ. ಬಕೆಟ್ ಗೆರೆಯ ಸಮಕ್ಕೆ ನಿಂತಿತ್ತು. 'ಮೇಲೆ'ಯೂ ಅಲ್ಲ, 'ಕೆಳಗೆ'ಯೂ ಅಲ್ಲ. ನಾನು ಆ ದಿನದ ಚೌಕ ಖಾಲಿ ಬಿಟ್ಟೆ. ಬುಧವಾರದಿಂದ ಟೀಚರ್ ತಾನೇ ಅಡುಗೆಮನೆಗೆ ಹೋಗತೊಡಗಿದಳು. ಚೀಟಿಯ ನಿಯಮ ಯಾರೂ ರದ್ದು ಮಾಡದೆಯೇ ರದ್ದಾಯಿತು. ಇಬ್ಬರೂ ಕೂತು ಲೆಕ್ಕಾಚಾರ ಹಾಕುತ್ತಿದ್ದರು. ಬಟಾಣಿ ಸಿಪ್ಪೆ ಸಮೇತ ಕೊಟ್ಟರೆ ಸುಲಿಯುವುದೇ ಆಟ. ಕ್ಯಾರೆಟ್ ಬಿಲ್ಲೆ ಗಾಲಿಯಾಗುತ್ತದೆ, ಬೀನ್ಸ್ ರೈಲಾಗುತ್ತದೆ. ಗಾಲಿಗೆ ಸೊಪ್ಪಿನ ರಸದಲ್ಲಿ ಹಸಿರು ಬಳಿಯಬಹುದು. ಅಕ್ಕನಿಗೆ ಯಾವುದು ಎಷ್ಟು ಬೇಯಬೇಕೆಂದು ಗೊತ್ತಿತ್ತು, ಟೀಚರಿಗೆ ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆಂದು ಗೊತ್ತಿತ್ತು. ಒಂದು ದಿನ ಕುಂಬಳ ಪೂರ್ತಿ ಸೋತಿತು, ಎಲ್ಲ ತಟ್ಟೆಗಳೂ ಮುಂದಕ್ಕೆ ಹೋದವು. "ಮೆತ್ತಗಾಯ್ತು, ಕೈಗೆ ಸಿಗಲಿಲ್ಲ ಅವಕ್ಕೆ" ಎಂದಳು ಅಕ್ಕ, ಯಾರನ್ನೂ ಬೈಯಲಿಲ್ಲ. ನನ್ನ ಚಹಾಕ್ಕೆ ಸಕ್ಕರೆ ಮರಳಿ ಬಂತು.

ಕೊನೆಯ ವಾರ ಸೋಮವಾರ 'ಕೆಳಗೆ'. ಮಂಗಳವಾರ, ಬುಧವಾರ, ಗುರುವಾರ 'ಕೆಳಗೆ'. ಶುಕ್ರವಾರ ಮೇಡಂ ತಾವೇ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಬೆಳಿಗ್ಗೆಯೇ ಹೋಗಿ ಇವತ್ತು ಏನು ಮಾಡುತ್ತೀ ಎಂದು ಅಕ್ಕನನ್ನು ಕೇಳಿದೆ.

"ಬದನೆಕಾಯಿ."

"ತಲೆ ಕೆಟ್ಟಿದೆಯೇನು ನಿನಗೆ? ದೊಡ್ಡವರೇ ಮುಖ ಸಿಂಡರಿಸ್ತಾರೆ. ಇವತ್ತೊಂದು ದಿನ ಕ್ಯಾರೆಟ್ ಮಾಡಿ ಗೆದ್ದುಕೋ."

"ಸುಲಭದ್ದು ಮಾಡಿ ಗೆದ್ರೆ ಮುಂದಿನ ತಿಂಗಳು ಮತ್ತೆ ಗೆರೆ ಎಳೀತಾರೆ. ಇವತ್ತೇ ಆಗಿಹೋಗ್ಲಿ."

ನಾನು ಆ ದಿನ ಹತ್ತು ಗಂಟೆಯಿಂದ ಒಂದೂವರೆವರೆಗೆ ಒಂದಕ್ಷರ ಬರೆಯಲಿಲ್ಲ. ನನಗೇನು ಎಂದು ಹೇಳಿಕೊಂಡು ಕೂತಿದ್ದೆ. ಕೆಂಪು ಪೆನ್ನಿನ ಮುಚ್ಚಳ ಮಾತ್ರ ತೆಗೆದು ಹಾಕಿ ಮಾಡುತ್ತಿದ್ದೆ. ತರಗತಿಯಲ್ಲಿ ಬದನೆಕಾಯಿಯನ್ನು ಅಡ್ಡ ಕತ್ತರಿಸಿ, ಬೀಟ್‌ರೂಟ್ ರಸಕ್ಕೆ ಅದ್ದಿ, ಹಾಳೆಯ ಮೇಲೆ ಮುದ್ರೆ ಒತ್ತಿಸಿದರು. ಮುದ್ರೆ ಒತ್ತಿಯಾದ ಮೇಲೆ ಮಕ್ಕಳೇ ಬೇರೆ ಬಿಲ್ಲೆಗಳ ಮೇಲೆ ಉಪ್ಪು ಉದುರಿಸಿ, ಎಣ್ಣೆ ಸವರಿ, ತಮ್ಮ ತಮ್ಮ ಗುರುತು ಮಾಡಿ ಕೊಟ್ಟರು. ಅಕ್ಕ ಅವನ್ನು ಕಾವಲಿಯ ಮೇಲೆ ಕೆಂಪಗೆ ಮಾಡಿ, ಗುರುತು ನೋಡಿ, ಯಾರದ್ದು ಯಾರಿಗೆ ಎಂದು ತಪ್ಪದೆ ಬಡಿಸಿದಳು. ಬೆಣ್ಣೆಯ ಗುರುತು ಒಂದು ಬಟಾಣಿ. ಅವಳು ಬಟಾಣಿ ತಿಂದಳು, ಬಿಲ್ಲೆಯ ಅರ್ಧ ತಿಂದಳು. ಉಳಿದರ್ಧವನ್ನು ತಳ್ಳಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲರೂ ತಮ್ಮ ಗುರುತು ಹುಡುಕುವುದರಲ್ಲಿದ್ದರು.

ಮೇಡಂ ಬಕೆಟ್ಟಿನೊಳಗೆ ಬಗ್ಗಿದರು. ಗೆರೆ ಕಾಣುತ್ತಿತ್ತು, ಪೂರ್ತಿ ಸುತ್ತು, ಅದರ ಕೆಳಗೆ ಎರಡು ಬೆರಳು ನೀಲಿ. ಮೇಡಂ ನೆಟ್ಟಗೆ ನಿಂತು ಅಕ್ಕನ ಕೈ ಹಿಡಿದುಕೊಂಡರು. "ಒಲೆ ನಿಮ್ಮದೇ ಅಡುಗೆ ಅಕ್ಕ" ಎಂದರು. ಅಕ್ಕ ಖಾಲಿ ತಟ್ಟೆಗಳನ್ನು ತರಲು ತರಗತಿಗೆ ಹೋದ ಮೇಲೆ ಮೇಡಂ ಟೀಚರ್ ಕಡೆ ತಿರುಗಿ, "ಮಕ್ಕಳ ಕೈಲಿ ಹೆಚ್ಚಿಸೋ ಉಪಾಯ ನಿನ್ನದಂತೆ. ಭೇಷ್" ಎಂದರು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರಲ್ಲ, ಹಾಗಾಯಿತು ಎಂದು ನಾನು ಮನಸ್ಸಿನಲ್ಲೇ ಕುಟುಕಿದೆ.

ಟೀಚರ್ ಕೈಯಲ್ಲಿದ್ದ ಕಾಗದ ಮಡಿಸತೊಡಗಿದಳು. "ನನ್ನದಲ್ಲ ಮೇಡಂ. ನಾನು ಬರೆದದ್ದು ಹಚ್ಚುತ್ತಾರೆ ಅಂತ. ಬಣ್ಣ ಹಚ್ಚೋದು. ಬಣ್ಣ ಅನ್ನೋ ಪದ ಬರೆಯೋಕೆ ಮರೆತಿದ್ದೆ. ನೀವೇ ಅದನ್ನ ಹೆಚ್ಚುತ್ತಾರೆ ಅಂತ ಬದಲಾಯಿಸಿದ್ದು ಅಂದ್ಕೊಂಡಿದ್ದೆ."

"ನಾನಾ? ನಾನು ಆ ಚೀಟಿನೇ ನೋಡಿಲ್ಲ" ಎಂದರು ಮೇಡಂ. ಇಬ್ಬರೂ ನನ್ನ ಕಡೆ ನೋಡಿದರು.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮೂವತ್ತು ವರ್ಷ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದವನು ನಾನು. ಸರಿಯಾಗಿದ್ದ ಪದವನ್ನು ಕೆಡಿಸಿ, ಕೆಡಿಸಿದ್ದನ್ನು ದಪ್ಪಗೆ ಬರೆದು, ಅದಕ್ಕೆ ಹೆಮ್ಮೆಪಟ್ಟವನೂ ನಾನೇ. "ನನ್ನ ಕೈತಪ್ಪು" ಎಂದೆ. ನನ್ನ ಬಾಯಿಂದ ಆ ಮಾತು ಮೊದಲ ಸಲ ಹೊರಟಿತ್ತು, ಸರಿಯಾಗಿ ಕೇಳಿಸಲೂ ಇಲ್ಲ. ಮೇಡಂ ನಕ್ಕುಬಿಟ್ಟರು. ಟೀಚರೂ ನಕ್ಕಳು. ನಾನು ನಗಲಿಲ್ಲ.

ಶಾಲೆ ಬಿಟ್ಟ ಮೇಲೆ ಅಡುಗೆಮನೆಗೆ ಹೋದೆ. ಅಕ್ಕ ಬಕೆಟ್ಟನ್ನು ಬೋರಲು ಹಾಕಿ ತೊಳೆಯುತ್ತಿದ್ದಳು. ಉಗುರುಬಣ್ಣ ಹೋಗಿರಲಿಲ್ಲ, ಹೋಗಲೆಂದು ಅವಳು ತಿಕ್ಕಿಯೂ ಇರಲಿಲ್ಲ.

"ಅಕ್ಕ, ಒಂದು ವಿಷಯ. ಆ ಚೀಟಿ ಟೀಚರ್ ಬರೆದ ಹಾಗೆ ಇರಲಿಲ್ಲ. ಅದು ನನ್ನ ತಪ್ಪು."

"ಗೊತ್ತು ಬಿಡು."

"ಏನು ಗೊತ್ತು?"

ಅವಳು ಕೈ ಒರೆಸಿಕೊಂಡು ಉಪ್ಪಿನ ಡಬ್ಬಿಯ ಹಿಂದಿನಿಂದ ಒಂದು ಚೀಟಿ ತೆಗೆದಳು. ಎಣ್ಣೆ ಕುಡಿದು ಮೆತ್ತಗಾಗಿತ್ತು. ನೀಲಿ ಅಕ್ಷರಗಳ ನಡುವೆ ನನ್ನ ಎತ್ವ ಇನ್ನೂ ಕೆಂಪಗೆ ನಿಂತಿತ್ತು. ಅಕ್ಕ ಅದರ ಮೇಲೆ ಬೆರಳಿಟ್ಟಳು.

"ಇದು ಯಾರ ಎತ್ವ ಅಂತ ನನಗೆ ಗೊತ್ತಾಗಲ್ವೇನೋ? ನಿನ್ನ ಕಾಗುಣಿತ ಕೇಳಿಕೊಂಡೇ ಓದು ಮರೀದೆ ಉಳಿಸಿಕೊಂಡೋಳು ನಾನು. ಆ ಹುಡುಗಿ ದಿನಾ ಬಣ್ಣದ ಹಾಳೆ ತರೋದು ನನಗೆ ಗೊತ್ತಿರಲಿಲ್ವಾ? ಮಕ್ಕಳು ತರಕಾರಿ ಹೆಚ್ತಾರೆ ಅಂತ ಯಾವ ಟೀಚರಾದ್ರೂ ಬರೀತಾಳಾ? ಓದಿದ ತಕ್ಷಣ ನಗು ಬಂತು. ಆಮೇಲೆ ಒಲೆ ಮುಂದೆ ನಿಂತು ಯೋಚನೆ ಮಾಡಿದೆ. ಅಮ್ಮ ಮಲಗಿದ್ದಾಗ ನೀನು ಅನ್ನ ಮುಟ್ತಿರಲಿಲ್ಲ. ನಿನ್ನ ಕೈಗೊಂದು ಚಮಚ ಕೊಟ್ಟು ಬೆಂದ ಗಡ್ಡೆ ಕತ್ತರಿಸು ಅಂತಿದ್ದೆ. ನೀನು ಕತ್ತರಿಸಿದ್ದನ್ನ ನೀನೇ ತಿಂದುಬಿಡ್ತಿದ್ದೆ. ಇಪ್ಪತ್ತೆರಡು ವರ್ಷ ಇಲ್ಲಿ ಬೇಯಿಸಿದೀನಿ, ಒಂದು ದಿನ ನೆನಪಾಗಿರಲಿಲ್ಲ ನೋಡು."

ಆ ಗಡ್ಡೆ ನನಗೂ ನೆನಪಿರಲಿಲ್ಲ.

"ತಪ್ಪು ಅಂತ ಗೊತ್ತಿದ್ದ ಮೇಲೆ ಅವತ್ತೇ ಬಂದು ನನ್ನ ಕೇಳಬಹುದಿತ್ತಲ್ಲ ಅಕ್ಕ?"

ಅಕ್ಕ ಚೀಟಿಯನ್ನು ಮಡಿಸಿ ಮತ್ತೆ ಉಪ್ಪಿನ ಡಬ್ಬಿಯ ಹಿಂದೆ ಇಟ್ಟಳು.

"ಕೇಳಿದ್ರೆ ನೀನು ತಿದ್ದಿಬಿಡ್ತಿದ್ದೆ" ಎಂದಳು.